ಖಾಲಿ ನಿಮಿಷ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮೆಣಸಿಗೆ,

ಅಮ್ಮನ ಆಶೀರ್ವಾದ, ಮತ್ತೆ ಕೆನ್ನೆಗೊಂದು ಮುತ್ತು. ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಮೂರು ದಿನ. ಉತ್ತರ ಬರೆಯದೆ ಕೂತದ್ದಕ್ಕೆ ಬೈದುಕೊಳ್ಳುತ್ತಿರುತ್ತೀಯೆ. ಬೈದುಕೋ, ಆದರೆ ಪೂರ್ತಿ ಓದಿ ಬೈ. ನಾನೇನೂ ಸುಮ್ಮನಿರಲಿಲ್ಲ, ಮೂರು ಸಲ ಬರೆದು ಮೂರು ಸಲ ಹರಿದೆ. ಮೊದಲನೆಯದರಲ್ಲಿ ವಕೀಲರ ಹಾಗೆ ವಾದ ಮಾಡಿದ್ದೆ, ಎರಡನೆಯದರಲ್ಲಿ ಬರೀ ಅತ್ತಿದ್ದೆ, ಮೂರನೆಯದರಲ್ಲಿ ಎರಡು ಪುಟ ಬಿಸಿಲಿನ ಸಮಾಚಾರವೇ ಇತ್ತು. ಇದು ನಾಲ್ಕನೆಯದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಮನೆಯ ಸುದ್ದಿ ಮೊದಲು ಮುಗಿಸಿಬಿಡುತ್ತೇನೆ. ಅಡುಗೆಮನೆಯ ನಲ್ಲಿ ಕೊನೆಗೂ ರಿಪೇರಿಯಾಯಿತು. ರಿಪೇರಿ ಮಾಡಿದವರು "ಇನ್ನು ತೊಟ್ಟಿಕ್ಕೋ ಸದ್ದು ಬರಲ್ಲಮ್ಮಾ" ಎಂದು ಹೋದರು. ಅವತ್ತಿನಿಂದ ಆ ಸದ್ದಿಲ್ಲದೆ ನನಗೆ ಮಧ್ಯಾಹ್ನ ನಿದ್ದೆ ಹತ್ತುತ್ತಿಲ್ಲ. ನಿನ್ನ ಕೋಣೆಯ ಕಿಟಕಿಗೆ ಹೊಸ ಗಾಜು ಹಾಕಿಸಿದೆ. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಅದು ಒಂದು ಹೇಳುತ್ತದೆ, ಇಳಿಯುವಾಗ ಇನ್ನೊಂದು. ರೇಡಿಯೋ ಕೇಂದ್ರದಲ್ಲಿ ಎಲ್ಲರೂ ನಿನ್ನನ್ನು ಕೇಳುತ್ತಾರೆ. ಚೆನ್ನಾಗಿದ್ದಾಳೆ ಎಂದಷ್ಟೇ ಹೇಳುತ್ತೇನೆ.

ನಿನ್ನ ಕಾಗದ ನನಗೆ ಬಾಯಿಪಾಠವಾಗಿದೆ. "ಅಮ್ಮಾ, ಇವತ್ತು ಲ್ಯಾಬಿನಲ್ಲಿ ಎಲ್ರೂ ಕಾಫಿ ಕುಡೀತಾ ನಿಮ್ಮ ನಾಟಕ ಕೇಳ್ತಿದ್ರು. ಆ ಉಸಿರು ಬಂತಲ್ಲ, ಪಕ್ಕದ ಮೇಜಿನವಳು 'ಅಯ್ಯೋ, ಮೈ ಜುಮ್ ಅಂತು ಕಣೇ' ಅಂತ ನಕ್ಕಳು. ಅದು ಅಪ್ಪನ ಉಸಿರು. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಅಪ್ಪನ್ನ ಯಾಕೆ ದೆವ್ವ ಮಾಡಿದೆ? ಅದನ್ನ ತೆಗೆದುಹಾಕೋವರೆಗೂ ನಾನು ಮನೆಗೆ ಬರಲ್ಲ." ಅಷ್ಟೇ. ಕೆಳಗೆ ಹೆಸರೂ ಇಲ್ಲ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದೇ ನಿನ್ನಪ್ಪ ನಿನಗೆ ಮೆಣಸು ಎಂದು ಹೆಸರಿಟ್ಟದ್ದು. ಆದರೆ ಈ ಸಲದ ಕೋಪ ಮೂಗಿನ ತುದಿಯದಲ್ಲ, ಗೊತ್ತು. ನೀನು ಹೇಳಿದರೆ ಹೇಳಿದ್ದೇ. ನಾನು ಅದನ್ನು ತೆಗೆಯದಿದ್ದರೆ ನೀನು ನಿಜಕ್ಕೂ ಬರುವುದಿಲ್ಲ.

ನಾಟಕ ನಿಂತಾಗ ನಿನಗೆ ಹನ್ನೊಂದು ವರ್ಷ, ಎಷ್ಟು ನೆನಪಿದೆಯೋ ಕಾಣೆ. ಮೊದಲಿನಿಂದಲೇ ಹೇಳುತ್ತೇನೆ. 'ಹಿಂಬಾಗಿಲ ನಕ್ಷತ್ರ' ಆರು ವರ್ಷ ನಡೆಯಿತು, ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ. ಬರೆಯುತ್ತಿದ್ದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು, ಮಕ್ಕಳು ಕಿವಿ ಮೇಲೆ ಹಾಕಿಕೊಳ್ಳದ್ದನ್ನೆಲ್ಲ ತಂದು ನಮಗೆ ನಾಟಕ ಮಾಡಿ ಕೊಡುತ್ತಿದ್ದರು. ಆಕಾಶನೌಕೆಯ ಕ್ಯಾಪ್ಟನ್ ಪಾತ್ರದವರನ್ನು ನೀನು ಕ್ಯಾಪ್ಟನ್ ಅತ್ತೆ ಎನ್ನುತ್ತಿದ್ದೆ. ನಿನ್ನಪ್ಪ ನೌಕೆಯ ಎಂಜಿನ್ ರಿಪೇರಿಯವನು. ಬ್ರಹ್ಮಾಂಡದ ಯಾವ ಮೂಲೆಗೆ ಹೋದರೂ "ಇದನ್ನ ಯಾರ್ರೀ ಜೋಡಿಸಿದ್ದು?" ಎಂದು ಗೊಣಗುವವನು. ಆ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಬಸ್ಸು ಕೆಟ್ಟು ನಿಂತರೆ ಜನ ಅದನ್ನೇ ಹೇಳಿ ನಗುತ್ತಿದ್ದರು. ನಾನು ಗಾಜಿನ ಈಚೆ ಕೂತು ಧ್ವನಿ ಹಿಡಿಯುವವಳು, ಆಮೇಲೆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಜೋಡಿಸುವವಳು.

ಆರನೇ ವರ್ಷದ ಕೊನೆಗೆ ನಿನ್ನಪ್ಪ ಹೋದರು. ಕಥೆಯಲ್ಲಿ ಆಗ ನೌಕೆ ಒಂದು ಹಿಮದ ಚಂದ್ರನ ಮೇಲೆ ಕೆಟ್ಟು ನಿಂತಿತ್ತು. ಎಂಜಿನ್ ಕಾಯಲು ರಿಪೇರಿಯವನು ಒಬ್ಬನೇ ಉಳಿದು, ಮಿಕ್ಕವರನ್ನು ಸಣ್ಣ ದೋಣಿಯಲ್ಲಿ ಕಳಿಸಿದ್ದ. ಮುಂದಿನ ವಾರ ಅವರು ವಾಪಸು ಬಂದು ಅವನನ್ನು ಕರೆದೊಯ್ಯಬೇಕು. ಕೇಂದ್ರದವರು ಬೇರೆ ನಟರನ್ನು ಹುಡುಕಿಕೊಟ್ಟರು. ಮೇಷ್ಟ್ರು ಒಪ್ಪಲಿಲ್ಲ. "ಬೇರೆ ಗಂಟಲಲ್ಲಿ ಅವನನ್ನ ಮಾತಾಡ್ಸೋಕೆ ನನ್ನ ಕೈಲಾಗಲ್ಲ" ಎಂದು ಪೆನ್ನಿನ ಮುಚ್ಚಳ ಹಾಕಿದವರು ಹದಿನಾಲ್ಕು ವರ್ಷ ತೆಗೆಯಲಿಲ್ಲ. ನಮ್ಮ ಅರ್ಧ ಗಂಟೆಗೆ ಕೇಂದ್ರದವರು ಹಾಡು ಹಾಕಿದರು.

ಈಗ ಹೇಳುವುದಕ್ಕೆ ನಿನಗೆ ಕೋಪ ಬರುತ್ತದೆ, ಆದರೂ ಹೇಳುತ್ತೇನೆ. ಆ ಹದಿನಾಲ್ಕು ವರ್ಷ ನಾಟಕಕ್ಕೆ ಒಳ್ಳೆಯದನ್ನೇ ಮಾಡಿತು. ಕಳೆದ ವರ್ಷ ಮತ್ತೆ ಶುರು ಮಾಡೋಣವೆಂದು ಕೇಂದ್ರದವರು ಕೇಳಿದಾಗ ಮೇಷ್ಟ್ರಿಗೆ ತಾವು ಬರೆದದ್ದೇ ಅರ್ಧ ಮರೆತಿತ್ತು. ಇನ್ನೂರ ಎಂಬತ್ತಾರು ಕಂತುಗಳನ್ನೂ ಯಾರದೋ ಕಥೆಯೆಂಬಂತೆ ಕೂತು ಕೇಳಿದರು. ಕೇಳಿ ಮುಗಿಸಿ ನನ್ನ ಕೋಣೆಗೆ ಬಂದು, ಕುರ್ಚಿಯ ಮೇಲಿದ್ದ ತಂತಿಗಳನ್ನು ಸರಿಸಿ ಕೂತರು.

"ಕೊನೇ ಎರಡು ವರ್ಷ ನಾವು ಹಳಸಿದ್ದನ್ನೇ ಬಡಿಸಿದೀವಿ ಕಣಮ್ಮಾ" ಎಂದರು. "ವಾರಕ್ಕೊಂದು ಗ್ರಹ, ಗ್ರಹಕ್ಕೊಂದು ರಾಕ್ಷಸ. ಅದನ್ನ ಸಾಯ್ಸೋಷ್ಟರಲ್ಲಿ ಅರ್ಧ ಗಂಟೆ ಮುಗೀತಿತ್ತು. ಐವತ್ತನೇ ಕಂತಲ್ಲಿ ಸತ್ತ ಡಾಕ್ಟ್ರು ಇನ್ನೂರಾಹತ್ತರಲ್ಲಿ ಬಂದು ಮಾತ್ರೆ ಕೊಟ್ಟು ಹೋಗಿದಾರೆ. ನಾನೂ ನೋಡಿಲ್ಲ, ನೀನೂ ನೋಡಿಲ್ಲ."

"ಕ್ಯಾಪ್ಟನ್‌ಗೆ ಜ್ವರ ಇತ್ತಲ್ಲ ಮೇಷ್ಟ್ರೇ, ಯಾರಾದ್ರೂ ಕೊಡಲೇಬೇಕಿತ್ತು" ಎಂದೆ.

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೇಳಿದರು: "ಇಷ್ಟು ಕಂತಲ್ಲಿ ಯಾರೂ ಯಾರಿಗೂ ಕಾದೇ ಇಲ್ಲ. ಎಲ್ರೂ ಓಡ್ತಾನೇ ಇದಾರೆ. ನಿಲ್ಲಿಸಿದ್ದಕ್ಕೇ ನನಗದು ಕಾಣಿಸ್ತು. ನಿಲ್ಲಿಸದೇ ಇದ್ದಿದ್ರೆ ಇವತ್ತಿಗೂ ರಾಕ್ಷಸರನ್ನ ಹೊಡೀತಾ ಇರ್ತಿದ್ದೆ."

ಹಾಗಾಗಿ ಹೊಸ ಕಥೆಯಲ್ಲೂ ಹದಿನಾಲ್ಕು ವರ್ಷ ಕಳೆದಿದೆ. ಒಂದು ದಿನವನ್ನೂ ಮುಚ್ಚಿಟ್ಟಿಲ್ಲ. ಕ್ಯಾಪ್ಟನ್ ಮುದುಕಿಯಾಗಿ ಆ ಚಂದ್ರನಿಗೆ ಮರಳುತ್ತಾಳೆ, ರಿಪೇರಿಯವನು ಇದ್ದಾನೋ ಇಲ್ಲವೋ ಎಂದು ಕೋಣೆಯಿಂದ ಕೋಣೆಗೆ ಹುಡುಕುತ್ತಾಳೆ. ಹನ್ನೆರಡು ಕಂತಿನಲ್ಲಿ ಅಷ್ಟೇ ಕಥೆ. ಕ್ಯಾಪ್ಟನ್ ಅತ್ತೆ ಹಿಂದೆ ಅಧಿಕಾರ ತೋರಿಸಬೇಕಾದಾಗೆಲ್ಲ ಎದೆಯಿಂದ ಗುಡುಗುತ್ತಿದ್ದರು, ನನ್ನ ಮೀಟರಿನ ಮುಳ್ಳು ಕೆಂಪಿಗೆ ಹೊಡೆಯುತ್ತಿತ್ತು. ಈಗ ಹಲ್ಲು ಕಟ್ಟಿಸಿಕೊಂಡಿದ್ದಾರೆ, ಗಂಟಲು ಸವೆದಿದೆ. "ಬಾಗಿಲು ತೆಗಿ" ಎಂದು ಮೆಲ್ಲಗೆ ಅಂದರೂ ನಾನೇ ಎದ್ದು ಹೋಗಿ ತೆಗೆಯಬೇಕು ಅನ್ನಿಸುತ್ತದೆ. "ಕಲಸಿದ ಹಿಟ್ಟನ್ನೂ ಸ್ವಲ್ಪ ಹೊತ್ತು ಮುಚ್ಚಿಡ್ತೀವಿ, ನಮ್ಮನ್ನ ಸ್ವಲ್ಪ ಜಾಸ್ತೀನೇ ಮುಚ್ಚಿಟ್ರು" ಎಂದು ನಗುತ್ತಾರೆ. ಕೇಳುಗರು ನಮಗಿಂತ ಜೋರು. ಒಬ್ಬರು ನೌಕೆಯ ನಕ್ಷೆಯನ್ನೇ ಬರೆದಿಟ್ಟುಕೊಂಡಿದ್ದರು, ಮೇಷ್ಟ್ರು ಅದನ್ನು ಮುಂದಿಟ್ಟುಕೊಂಡೇ ಬರೆದದ್ದು. ಇನ್ನೊಬ್ಬರು ಬರೆದಿದ್ದರು: "ನಾನು ಕಾಲೇಜಲ್ಲಿದ್ದಾಗ ನಿಮ್ಮ ನೌಕೆ ಕೆಟ್ಟು ನಿಂತಿತು. ಈಗ ನನ್ನ ನೆತ್ತಿ ಬೋಳಾಗ್ತಾ ಇದೆ. ರಿಪೇರಿ ಆಯ್ತಾ?" ಆಗ ಅಪ್ಪ ಅಮ್ಮ ಬೈದರೂ ಕದ್ದು ಕೇಳುತ್ತಿದ್ದವರು ಈಗ ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದಾರೆ. ಅವರೆಲ್ಲರಿಗೂ ಹದಿನಾಲ್ಕು ವರ್ಷದಲ್ಲಿ ಯಾರಾದರೊಬ್ಬರು ಹೋಗಿದ್ದಾರೆ. ಕಾಯುವುದು ಏನೆಂದು ಗೊತ್ತಿರುವ ಕಿವಿಗಳು ಅವು.

ಇನ್ನು ಉಸಿರಿನ ಮಾತು.

ಮೇಷ್ಟ್ರು ಒಂದು ಕಡೆ ಹೀಗೆ ಬರೆದುಕೊಟ್ಟರು: "ಹದಿನಾಲ್ಕು ವರ್ಷ ಯಾರೂ ಕಾಲಿಡದ ನೌಕೆಯ ಒಳಗಿನ ಸದ್ದು." ಬರೆಯುವವರಿಗೇನು, ಮಾಡುವವರಿಗೆ ಗೊತ್ತು. ಫ್ರಿಜ್ಜಿನ ಹಿಂದೆ ಮೈಕು ಇಟ್ಟೆ, ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿಬಿಟ್ಟೆ, ಮಹಡಿಯ ಮೇಲಿನ ಖಾಲಿ ನೀರಿನ ತೊಟ್ಟಿಯೊಳಗೂ ಇಟ್ಟೆ. ತೊಟ್ಟಿಯ ಸದ್ದು ತೊಟ್ಟಿಯ ಹಾಗೇ ಇತ್ತು. ಆಗ ನೆಲಮಾಳಿಗೆಯಲ್ಲಿರುವ ಹಳೆಯ ಟೇಪಿನ ಪೆಟ್ಟಿಗೆಗಳು ಜ್ಞಾಪಕಕ್ಕೆ ಬಂದವು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ, ನೀನೂ ನೋಡಿದ್ದೀಯೆ. ಪ್ರತಿ ಕಂತಿನ ಕೆಲಸ ಮುಗಿದ ಮೇಲೆ ನಾನು ಗಾಜಿನ ಈಚೆಯಿಂದ ಒಂದು ಬೆರಳು ಎತ್ತುತ್ತಿದ್ದೆ. ಎಲ್ಲರೂ ಮೈಕಿನಿಂದ ಸರಿದು ಅಲ್ಲಾಡದೆ ಒಂದು ನಿಮಿಷ ನಿಲ್ಲಬೇಕು, ನಾನು ಸುಮ್ಮನಿರುವ ಕೋಣೆಯನ್ನು ಟೇಪಿಗೆ ಹಿಡಿಯುತ್ತಿದ್ದೆ. ಮಾತಿನ ನಡುವೆ ಬಂದ ಕೆಮ್ಮು, ಕಾಗದದ ಸದ್ದು, ಉಸಿರು ಇವನ್ನೆಲ್ಲ ಕತ್ತರಿಸಿ ತೆಗೆದರೆ ಅಲ್ಲಿ ತೂತು ಬೀಳುತ್ತದೆ. ಆ ತೂತಿಗೆ ತೇಪೆ ಹಾಕಲು ಅವತ್ತಿನ ಕೋಣೆಯದೇ ಮೌನ ಬೇಕು. ನಾವದನ್ನು ಖಾಲಿ ನಿಮಿಷ ಎನ್ನುತ್ತಿದ್ದೆವು. ನೀನು ಮೂಲೆಯ ಮೇಜಿನ ಕೆಳಗೆ ಹೋಮ್‌ವರ್ಕ್ ಮಾಡುತ್ತಾ ಕೂತಿರುತ್ತಿದ್ದೆ. ಬೆರಳು ಎತ್ತಿದ ಕೂಡಲೇ ಕೆನ್ನೆ ಉಬ್ಬಿಸಿ ಉಸಿರು ಹಿಡಿಯುತ್ತಿದ್ದೆ, ಇಳಿಸಿದ ಕೂಡಲೇ ಬುಸ್ಸೆಂದು ಬಿಡುತ್ತಿದ್ದೆ. ಇನ್ನೂರ ಎಂಬತ್ತಾರು ಟೇಪುಗಳ ಬಾಲದಲ್ಲೂ ಒಂದೊಂದು ಖಾಲಿ ನಿಮಿಷ ಇದೆ.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಕೈಗೆ ಸಿಕ್ಕ ಪೆಟ್ಟಿಗೆ, ಕೊನೆಯ ವರ್ಷದ್ದು. ಹೆಡ್‌ಫೋನ್ ಹಾಕಿಕೊಂಡೆ. ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು, ದೂರದಲ್ಲಿ ಯಾರದೋ ಕುರ್ಚಿ. ಇಷ್ಟೇ ಸಾಕು, ಇದೇ ನೌಕೆ, ಎಂದುಕೊಳ್ಳುವಷ್ಟರಲ್ಲಿ ಎಡಗಿವಿಯ ಪಕ್ಕದಲ್ಲೇ ಯಾರೋ ಉಸಿರೆಳೆದುಕೊಂಡರು. ಎಳೆದ ಉಸಿರಿನ ತುದಿಯಲ್ಲಿ ಸಣ್ಣದೊಂದು ಸೀಟಿ. ನಾನು ಕೂತಲ್ಲೇ ತಿರುಗಿ ನೋಡಿದೆ. ಹಿಂದೆ ಬಾಗಿಲು, ಬಾಗಿಲಿಗೆ ನನ್ನ ಕೊಡೆ, ಬೇರೆ ಯಾರೂ ಇಲ್ಲ. ಆಮೇಲೆ ಅರ್ಥವಾಯಿತು. ಬೆರಳು ಎತ್ತಿದಾಗ ಎಲ್ಲರೂ ತುದಿಗಾಲಿನಲ್ಲಿ ಮೈಕಿನಿಂದ ಹಿಂದೆ ಸರಿಯುತ್ತಿದ್ದರು. ನಿನ್ನಪ್ಪ ಮಾತ್ರ "ಒಂದು ನಿಮಿಷಕ್ಕೆ ಯಾರು ಹೋಗಿ ಬರ್ತಾರೆ" ಎಂದು ಅಲ್ಲೇ ನಿಂತಿರುತ್ತಿದ್ದರು.

ಒಂದು ವಾರದಲ್ಲಿ ಅಷ್ಟನ್ನೂ ಕೇಳಿದೆ ಮೆಣಸೇ. ನಾಲ್ಕೂಮುಕ್ಕಾಲು ಗಂಟೆ. ಅವರು ಮಾತಾಡಿರುವ ಟೇಪುಗಳು ಬೇಕಾದಷ್ಟಿವೆ, ಅವನ್ನು ಕೇಳಿ ನಾನೆಂದೂ ಅತ್ತಿಲ್ಲ. ಅಲ್ಲಿರುವುದು ರಿಪೇರಿಯವನು. ಈ ನಿಮಿಷಗಳಲ್ಲಿ ಅವರು ಯಾವ ಪಾತ್ರವನ್ನೂ ಮಾಡುತ್ತಿಲ್ಲ. ಸುಮ್ಮನೆ ನಿಂತಿದ್ದಾರೆ, ಗಾಜಿನ ಆಚೆಯಿಂದ ನನ್ನನ್ನು ನೋಡುತ್ತಾ, ನನ್ನ ಬೆರಳು ಇಳಿಯುವುದನ್ನು ಕಾಯುತ್ತಿದ್ದಾರೆ.

ಆಮೇಲೆ ಅದು ಮನೆಗೂ ಬಂತು. ಪಾತ್ರೆ ತೊಳೆಯುವಾಗ ಎಡಗಡೆ ಕೇಳುತ್ತದೆ, ನಲ್ಲಿ ನಿಲ್ಲಿಸಿದರೆ ಇರುವುದಿಲ್ಲ. ಬಸ್ಸಿನಲ್ಲಿ ಕಿಟಕಿ ಎಡಕ್ಕಿರುವ ಸೀಟು ಬಿಟ್ಟು ಆಚೆ ಕೂರುತ್ತೇನೆ, ಎಡಗಡೆ ಜಾಗ ಇರಲಿ ಎಂದು. ಮೊನ್ನೆ ಬಟ್ಟೆ ಮಡಚುತ್ತಾ "ಸ್ವಲ್ಪ ಸರೀರಿ" ಎಂದುಬಿಟ್ಟೆ. ಹೆದರಿಕೆಯಾಗುವುದಿಲ್ಲವೇ ಎಂದರೆ ಆಗುತ್ತದೆ. ಎಲ್ಲಿ ನಿಂತುಹೋಗುತ್ತದೋ ಎಂದು ಇನ್ನೂ ಹೆಚ್ಚು ಹೆದರಿಕೆಯಾಗುತ್ತದೆ.

ನಾನು ಆ ಟೇಪನ್ನು ಮೇಷ್ಟ್ರಿಗೆ ಹಾಕಿ ಕೇಳಿಸಿದೆ. ಕ್ಯಾಪ್ಟನ್‌ಗೆ ರಿಪೇರಿಯವನ ಡೈರಿ ಸಿಗುತ್ತದೆ, ಅವಳು ಅದನ್ನು ಓದಿ ಅಳುತ್ತಾಳೆ ಎಂದು ಅವರು ಹನ್ನೆರಡು ಪುಟ ಬರೆದು ತಂದಿದ್ದರು. ಹೆಡ್‌ಫೋನ್ ತೆಗೆದು, ಕನ್ನಡಕ ಒರೆಸಿ, ಆ ಹನ್ನೆರಡು ಪುಟವನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡರು. "ಅವನು ಏನೂ ಹೇಳೋದು ಬೇಡ. ಇದಾನೆ ಅಂತ ಗೊತ್ತಾದ್ರೆ ಸಾಕು" ಎಂದರು. ಹಿಂದಿನ ಮೇಷ್ಟ್ರಾಗಿದ್ದರೆ ಹನ್ನೆರಡು ಪುಟವನ್ನೂ ಓದಿಸಿ ಮೇಲೊಂದು ಗುಡುಗು ಬೇರೆ ಹಾಕಿಸುತ್ತಿದ್ದರು. ಹಾಗೆ ಅದು ನಾಟಕಕ್ಕೆ ಬಂತು. ಕ್ಯಾಪ್ಟನ್ ಒಂದೊಂದು ಕೋಣೆಯಲ್ಲೂ ನಿಂತು ಆಲಿಸುತ್ತಾಳೆ, ಉಸಿರು ಪಕ್ಕದ ಕೋಣೆಯಲ್ಲಿರುತ್ತದೆ. ಜನ ಊಟ ಬಿಟ್ಟು ಕೇಳುತ್ತಿದ್ದಾರಂತೆ.

ನಿನ್ನನ್ನು ಕೇಳಬೇಕಿತ್ತು. ಕೇಳಲಿಲ್ಲ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ಬೇಡ ಅನ್ನುತ್ತೀಯೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಕಾಫಿ ಲೋಟ ಹಿಡಿದು ನಗುವವರ ಮಧ್ಯೆ ನಿನ್ನನ್ನು ಹಾಗೆ ಒಂಟಿಯಾಗಿ ನಿಲ್ಲಿಸಿದ್ದು ನಾನು. ಆ ಹುಡುಗಿಯ ಮೇಲೆ ಕೋಪ ಬೇಡ, ಅವಳಿಗೇನು ಗೊತ್ತು.

ಆದ್ದರಿಂದ ನೀನು ಹೇಳಿದ ಹಾಗೇ ಆಗಲಿ. ಇನ್ನು ಮೂರು ಕಂತು ಬಾಕಿ, ಶನಿವಾರ ಒಪ್ಪಿಸಬೇಕು. ನಾಳೆ ಬೆಳಿಗ್ಗೆ ಹೋಗಿ ತೆಗೆದುಬಿಡುತ್ತೇನೆ. ಈಗ ಬ್ಲೇಡು ಗೀಡು ಏನೂ ಬೇಡ, ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಕೆಲಸ. ಮೇಷ್ಟ್ರಿಗೆ ನಾನೇ ಹೇಳಿಕೊಳ್ಳುತ್ತೇನೆ. ನಾಟಕ ಸ್ವಲ್ಪ ಸೊರಗಿದರೆ ಸೊರಗಲಿ. ನನಗಿರುವುದು ಒಬ್ಬಳೇ ಮಗಳು.

ಹೊತ್ತಿಗೆ ಸರಿಯಾಗಿ ತಿನ್ನು. ಲ್ಯಾಬಿನ ಆ ಔಷಧಿಗಳ ವಾಸನೆಯಲ್ಲೇ ಇಡೀ ದಿನ ಕೂರಬೇಡ, ಆಗಾಗ ಹೊರಗೆ ಬಂದು ನಿಲ್ಲು. ನಿನ್ನ ಕೋಪ ನಿನ್ನನ್ನು ಕಾಯಲಿ, ನಿನ್ನನ್ನೇ ಸುಡದಿರಲಿ. ನೂರು ಕಾಲ ಚೆನ್ನಾಗಿ ಬಾಳು ಮಗಳೇ.

ನಿನ್ನ
ಅಮ್ಮ

ಮರೆತದ್ದು (ಸೋಮವಾರ, ಮಧ್ಯಾಹ್ನ):

ಮರೆತದ್ದೇನೂ ಅಲ್ಲ. ಕಾಗದ ಇನ್ನೂ ಅಂಚೆಗೆ ಹಾಕಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಎಂಟಕ್ಕೇ ಬಂದು ಕೂತೆ, ಈಗ ಒಂದು ಗಂಟೆ. ಒಂದೂ ತೆಗೆದಿಲ್ಲ.

ಹಳೆಯ ಪೆಟ್ಟಿಗೆಗಳಲ್ಲಿ ಟೇಪಿನ ಕೆಳಗೆ ಒಂದೊಂದು ಚೀಟಿ ಇದೆ. ಏನೇನು ಕತ್ತರಿಸಿದೆ ಎಂದು ಆಗ ನಾನೇ ಬರೆದಿಡುತ್ತಿದ್ದ ಚೀಟಿ. ಮೂರು ತಿಂಗಳಿಂದ ಅವು ನನ್ನ ಮೇಜಿನ ಡ್ರಾಯರಿನಲ್ಲಿವೆ. ನಿನಗೆ ಬರೆದು ಹರಿದ ಮೂರು ಕಾಗದದಲ್ಲೂ ಈ ಮಾತು ಬರೆಯಲಾಗಲಿಲ್ಲ. ನೂರ ತೊಂಬತ್ತನೇ ಕಂತಿನ ಚೀಟಿ ಹೀಗಿದೆ: "ಕೆಮ್ಮು ಒಂದು. ಕಾಗದದ ಸದ್ದು ಎರಡು. ರಿಪೇರಿಯವನ ಉಸಿರಿನಲ್ಲಿ ಸೀಟಿ, ನಾಲ್ಕು ಕಡೆ. ತೆಗೆದಿದೆ." ಇನ್ನೂರ ಇಪ್ಪತ್ತರಲ್ಲಿ ಹನ್ನೊಂದು ಕಡೆ. ಇನ್ನೂರ ಅರವತ್ತರಲ್ಲಿ ಮೂವತ್ತು ಕಡೆ. ತೆಗೆದಿದೆ, ತೆಗೆದಿದೆ. ಅಕ್ಷರ ನನ್ನದೇ, ಮುತ್ತಿನ ಹಾಗಿದೆ.

ಆಸ್ಪತ್ರೆಯಲ್ಲಿ ಡಾಕ್ಟರು "ಈ ಸೀಟಿ ಎಷ್ಟು ದಿನದಿಂದ ಇದೆ?" ಎಂದು ಕೇಳಿದರು. ನೀನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. "ಎರಡು ತಿಂಗಳಿಂದ ಇರಬಹುದು" ಎಂದೆ ನಾನು. ಸುಳ್ಳು ಹೇಳಲಿಲ್ಲ, ಹಾಗೇ ನಂಬಿದ್ದೆ. ಅವರು ಪುಪ್ಪುಸದ ಚಿತ್ರವನ್ನು ಬೆಳಕಿಗೆ ಹಿಡಿದು, "ಒಂದೂವರೆ ವರ್ಷದ ಹಿಂದೆ ಯಾರಿಗಾದ್ರೂ ಕೇಳಿಸಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು. ಮನೆಯಲ್ಲಿ ಅವರ ಪಕ್ಕದಲ್ಲೇ ಮಲಗುತ್ತಿದ್ದೆ, ಅಲ್ಲಿ ನನಗೆ ಕೇಳಿಸಲೇ ಇಲ್ಲ. ಕೆಲಸದಲ್ಲಿ ಕೇಳಿಸಿತು. ಕೊಳೆ ಎಂದುಕೊಂಡೆ. ಪ್ರತಿ ವಾರ ಕೂತು, ಗುರುತೂ ಉಳಿಯದ ಹಾಗೆ ತೆಗೆದೆ. ಧ್ವನಿ ಎಷ್ಟು ಚೊಕ್ಕವಾಗಿದೆ ಎಂದು ಮೇಷ್ಟ್ರು ಹೊಗಳುತ್ತಿದ್ದರು, ನಿನ್ನಪ್ಪ ಹೆಮ್ಮೆಪಡುತ್ತಿದ್ದರು.

ಶನಿವಾರದೊಳಗೆ ಬಾ. ಬೈಯುವುದಕ್ಕಾದರೂ ಬಾ. ಇದನ್ನು ತಿಳಿದ ಮೇಲೂ ಆ ಉಸಿರು ಇರಬಾರದು ಎಂದರೆ ನಾನು ಎದ್ದು ಕುರ್ಚಿ ಬಿಟ್ಟುಕೊಡುತ್ತೇನೆ, ಹೇಗೆಂದು ತೋರಿಸಿಕೊಟ್ಟು ಹೊರಗೆ ನಿಲ್ಲುತ್ತೇನೆ. ನೀನು ತೆಗೆ. ನಾನು ಎರಡು ವರ್ಷ ತೆಗೆದಿದ್ದೇನೆ.